ಸಾಲಾಮಾಂಕದ ಶಿಲಾಮುಖಗಳು

ಸ್ಪೇನಿನ ಸಾಲಾಮಾಂಕಕ್ಕೆ ವಿದ್ವಾಂಸರು ಹೋಗುವುದು ಸಾಮಾನ್ಯವಾಗಿ 1218ರಲ್ಲಿ ಸ್ಥಾಪನೆಗೊಂಡ ಅಲ್ಲಿಯ ವಿಶ್ವವಿದ್ಯಾಲಯವನ್ನು ಕಾಣಲೆಂದು. 2019ರಲ್ಲಿ ನಾನು ಹೋದುದೂ ಅದಕ್ಕಾಗಿಯೇ. ಆದರೆ ಅಲ್ಲಿದ್ದ ಮೂರು ದಿನಗಳಲ್ಲಿ ಹೆಚ್ಚಿನ ಹೊತ್ತು ಕಳೆದುದು ಪ್ಲಾಸಾ ಮಯೋರ್ ಎಂಬ ಮಹಾಚೌಕದಲ್ಲಿ.

ಆಲ್ಬೆರ್ತೊ ದೆ ಚುರ್ರಿಗೇರಾ ಎಂಬ ವಾಸ್ತುಶಿಲ್ಪಿ 1729ರಲ್ಲಿ ಆರಂಭಿಸಿದ ಈ ರಚನೆ ಪೂರ್ಣಗೊಂಡುದು 1755ರಲ್ಲಿ. ಸುತ್ತಲೂ 88 ಕಮಾನುಗಳ ಮೊಗಸಾಲೆ, ಅದರ ಮೇಲೆ ಮೂರು ಅಂತಸ್ತು. ಸಮೀಪದ ವಿಯಾಮಯೋರ್‌ನ ಮರಳುಗಲ್ಲು ಸಂಜೆಯ ಬಿಸಿಲಿಗೆ ಹೊಂಬಣ್ಣ ತಾಳುತ್ತದೆ. ಚೌಕವೆಂದು ಹೆಸರಾದರೂ ಬದಿಗಳು ಸಮವಲ್ಲ; ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ. ಮುಂಬಯಿಯ ನಾವು ಗೆಳೆಯರಿಗೆ ರೈಲುನಿಲ್ದಾಣದ ಇಂಡಿಕೇಟರಿನ ಕೆಳಗೆ ಬರಹೇಳುವಂತೆ, ಅಲ್ಲಿಯವರು ಪುರಭವನದ ಗಡಿಯಾರದ ಕೆಳಗೆ ಬರಹೇಳುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದುದು ಕಮಾನುಗಳ ನಡುನಡುವೆ ಕಡೆದಿರುವ ದುಂಡು ಫಲಕಗಳು. ಅರಸರು, ದಂಡನಾಯಕರು, ಸಂತ ತೆರೇಸಾ, ಸೆರ್ವಾಂತಿಸ್ ಮುಂತಾದವರ ಮುಖಗಳು ಅವುಗಳಲ್ಲಿವೆ. ಇದೇ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಲೇಖಕ ಮಿಗೆಲ್ ದೆ ಉನಾಮುನೊ ಕೂಡ ಅಲ್ಲಿದ್ದಾನೆ. 1936ರ ಸೈನಿಕ ದಂಗೆಯನ್ನು ಮೊದಲು ಬೆಂಬಲಿಸಿದ್ದ ಆತ, ಆ ವರ್ಷದ ಅಕ್ಟೋಬರ್ 12ರಂದು ವಿಶ್ವವಿದ್ಯಾಲಯದ ಸಭೆಯಲ್ಲಿ, ದಂಗೆಯ ಸೇನಾನಿಯೊಬ್ಬನ ಎದುರಿನಲ್ಲೇ ಅದರ ವಿರುದ್ಧ ನುಡಿದ. ಪದವಿ ಹೋಯಿತು. ಡಿಸೆಂಬರ್ 31ರಂದು ಮನೆಯಲ್ಲಿಯೇ ತೀರಿಕೊಂಡ. ದಂಗೆಯ ನಾಯಕ ಫ್ರಾಂಕೊನ ಮುಖವೂ ಇದೇ ಚೌಕದಲ್ಲಿತ್ತು! ಅದನ್ನು ತೆಗೆದುದು 2017ರ ಜೂನ್‌ನಲ್ಲಿ.

ನಮ್ಮ ದಾನಶಾಸನಗಳು ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟಲೆಂದು ಶಪಿಸುತ್ತವೆ. ಅಂಥ ಶಾಸನಗಳನ್ನು ಓದಿ, ಓದಿಸಿ ಬೆಳೆದ ನನ್ನ ಮನಸ್ಸು ಕಲ್ಲನ್ನು ಕೀಳುವುದೆಂದರೆ ಸಹಜವಾಗಿಯೇ ಹಿಂಜರಿಯುತ್ತದೆ. ಆದರೂ ಇಲ್ಲಿ ಕಿತ್ತುದು ಸರಿಯೆಂದೇ ನನ್ನ ಎಣಿಕೆ. ದಾಖಲೆಯ ಕಲ್ಲು ಬೇರೆ, ಮನ್ನಣೆಯ ಕಲ್ಲು ಬೇರೆ. ದಾಖಲೆಯನ್ನು ವಸ್ತುಸಂಗ್ರಹಾಲಯದಲ್ಲಿಯೂ ಕಾಪಾಡಬಹುದು. ಊರಿನ ಅಂಗಳದಲ್ಲಿ, ಉನಾಮುನೊನ ಸಾಲಿನಲ್ಲಿ ನಿಲ್ಲಿಸುವುದು ಮನ್ನಣೆಯೇ ಹೊರತು ಬೇರಲ್ಲ.

ಜತೆಗಿದ್ದ ಅಲ್ಲಿಯ ಹಿರಿಯ ಅಧ್ಯಾಪಕರೊಬ್ಬರು ಇದನ್ನು ಒಪ್ಪಲಿಲ್ಲ. "ಆ ಮುಖವನ್ನು ತೋರಿಸಿ ಇವನಾರೆಂದು ಮೊಮ್ಮಕ್ಕಳು ನನ್ನನ್ನು ಕೇಳುತ್ತಿದ್ದರು. ಈಗ ಕೇಳುವುದಿಲ್ಲ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇನ್ನೂ ಯಾರ ಮುಖವನ್ನೂ ಕಡೆಯದ ಫಲಕಗಳೂ ಅಲ್ಲಿ ಹಲವಿವೆ. ಚೌಕದ ದೀಪಗಳು ಹೊತ್ತಿಕೊಳ್ಳುವವರೆಗೆ ನಾವಿಬ್ಬರೂ ಅವನ್ನು ಎಣಿಸುತ್ತ ನಡೆದೆವು. ಇಬ್ಬರ ಲೆಕ್ಕವೂ ಒಂದಕ್ಕೊಂದು ತಾಳೆಯಾಗಲಿಲ್ಲ.