ಕೊಳಕೂರಿನಲ್ಲಿ ಒಂದು ಡ್ರಾಫ್ಟ್

ಕಾರಹುಣ್ಣಿಮೆಗೆ ಊರಿಗೆ ಹೋಗದೆ ಆರು ವರ್ಷ ಆಗಿತ್ತು. ಜೂನ್ ಅಂದ್ರೆ ನಮ್ಮ ಆಫೀಸಿನಲ್ಲಿ ರಿಲೀಸ್ ತಿಂಗಳು, ರಜೆ ಕೇಳೋಕೆ ಮುಖ ಇರಲ್ಲ. 2025ರಲ್ಲಿ ಹುಣ್ಣಿಮೆ ಜೂನ್ 11ರ ಬುಧವಾರ ಬಿತ್ತು. ಮುತ್ಯಾ ಫೋನ್ ಮಾಡಿ, "ಈ ಸಲರೆ ಬರ್ತಿ ಏನ್ ಇಲ್ಲ? ಮುಂದಿನ ಹುಣ್ಣಿಮಿಗಿ ನಾ ಇರ್ತೀನೋ ಇಲ್ಲೋ" ಅಂದ. ಹತ್ತು ವರ್ಷದಿಂದ ಅವನು ಹೇಳ್ತಾ ಬಂದಿರೋ ಮಾತೇ ಅದು. ಆದರೂ ಈ ಸಲ ಯಾಕೋ ನಾಟಿತು. ಭಾನುವಾರ ರಾತ್ರಿ ರೈಲು ಹತ್ತಿದೆ.

ಕಲಬುರಗಿಯಲ್ಲಿ ಇಳಿದು, ಬಸ್‌ಸ್ಟ್ಯಾಂಡ್ ಹತ್ತಿರ ಸುಸಲಾ ಮತ್ತು ಎರಡು ಮಿರ್ಚಿ ತಿಂದು ಜೇವರ್ಗಿ ಬಸ್ಸಿನಲ್ಲಿ ಕುಳಿತೆ. ಕಟ್ಟಿ ಸಂಗಾವಿ ಹತ್ತಿರ ಭೀಮಾ ಸೇತುವೆ ಬಂದರೆ ನನಗೆ ಊರು ಬಂದ ಹಾಗೆಯೇ. ಅಲ್ಲಿಂದ ಮುಂದೆ ಕಣ್ಣು ಹಾಯುವಷ್ಟು ದೂರ ಎರೆಹೊಲ. ತೊಗರಿ ಬಿತ್ತನೆಗೆ ಹರಗಿ ಬಿಟ್ಟ ಹೊಲಗಳು ಈಗಷ್ಟೇ ಬಾಚಿದ ತಲೆಯ ಹಾಗೆ ಕಾಣುತ್ತಿದ್ದವು. ಜೇವರ್ಗಿಯಿಂದ ಕೊಳಕೂರಿಗೆ ಟಂಟಂ. ಡ್ರೈವರ್ ಪಕ್ಕದಲ್ಲಿ ಅರ್ಧ ಸೀಟು, ಅರ್ಧ ಗಾಳಿ.

ಮನೆ ಮುಟ್ಟಿ ಚಹಾ ಕುಡಿಯೋದ್ರೊಳಗೆ ಅಂಗಳದಲ್ಲಿ ಏಳೆಂಟು ಹುಡುಗರು ನಿಂತಿದ್ದರು. ಮಣ್ಣೆತ್ತಿನ ಅಮಾವಾಸ್ಯೆಗೆ ಊರಲ್ಲಿ ಕ್ರಿಕೆಟ್ ಇಟ್ಟಿದ್ದಾರೆ. ಟೆನಿಸ್ ಬಾಲ್, ಎರಡು ತಂಡ, ಮೂರು ಮ್ಯಾಚ್. ಜೆರ್ಸಿ ಕೊಡಿಸೋಕೆ ಒಬ್ಬ ಗುತ್ತಿಗೆದಾರರು ಒಪ್ಪಿದ್ದಾರೆ. ತೊಂದರೆ ಏನಪ್ಪಾ ಅಂದ್ರೆ, ತಂಡ ಹಂಚೋದು. ಹೋದ ವರ್ಷ ಐಪಿಎಲ್ ಥರ ಪಾಯಿಂಟ್ ಇಟ್ಟು ಹರಾಜು ಮಾಡಿದ್ದರಂತೆ. ಕೊನೆಗೆ ಯಾರೂ ಕೂಗದೆ ಉಳಿದ ಐದಾರು ಹುಡುಗರು ಮನೆಗೆ ಹೋಗಿ, ಅವರ ಅಣ್ಣಂದಿರು ಬಂದು, ದೊಡ್ಡ ಗಲಾಟೆ.

"ಅಣ್ಣಾ, ನೀ ಕಂಪ್ಯೂಟರ್‌ದಾವ. ಒಂದ್ ಲಿಸ್ಟ್ ಮಾಡಿಕೊಡು. ನಿನ್ ಮಾತಿಗಿ ಯಾರೂ ಎದುರಾಡಂಗಿಲ್ಲ" ಅಂದ್ರು.

ನಿಜ ಹೇಳ್ತೀನಿ, ನನಗೆ ಖುಷಿಯೇ ಆಯಿತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಕ್ಲೈಂಟ್ ತಂಡ ಇರೋದು ಟೊರಾಂಟೋದಲ್ಲಿ. ಜೂನ್ ಬಂತೆಂದರೆ ಅಲ್ಲಿನವರಿಗೆ ಐಸ್ ಹಾಕಿ ಡ್ರಾಫ್ಟಿನ ಜ್ವರ. ಹದಿನೆಂಟರ ಆಸುಪಾಸಿನ ಹುಡುಗರನ್ನೆಲ್ಲ ಲೀಗಿನವರೇ ಸ್ಕೌಟ್‌ಗಳನ್ನು ಇಟ್ಟು ನೋಡಿಸಿ, ಒಂದು, ಎರಡು, ಮೂರು ಎಂದು ಪಟ್ಟಿ ಮಾಡ್ತಾರೆ. ಹಿಂದಿನ ಸೀಸನ್‌ನಲ್ಲಿ ಕೆಳಗೆ ಬಿದ್ದ ತಂಡಗಳಿಗೆ ಮೊದಲು ಆರಿಸುವ ಅವಕಾಶ ಜಾಸ್ತಿ. ಸೋತವರಿಗೆ ಒಳ್ಳೆ ಹುಡುಗ ಸಿಗಲಿ, ಲೀಗ್ ಸಮನಾಗಲಿ ಅಂತ. ಮೀಟಿಂಗ್ ಶುರುವಾಗೋ ಮುಂಚಿನ ಐದು ನಿಮಿಷದಲ್ಲಿ ಇದನ್ನೆಲ್ಲ ಕೇಳಿ ಕೇಳಿ ನನಗೂ ಹುಚ್ಚು ಹತ್ತಿತ್ತು. ಕೊಳಕೂರಿನ ಹುಡುಗರಿಗೆ ಗತ್ತಿನಿಂದ ಹೇಳಿದೆ: "ಹರಾಜು ಬ್ಯಾಡ. ಡ್ರಾಫ್ಟ್ ಮಾಡೋಣ."

ಮೂವತ್ತು ಹುಡುಗರು, ಅದರಲ್ಲಿ ಇಬ್ಬರು ಕ್ಯಾಪ್ಟನ್. ಉಳಿದ 28 ಜನರಿಗೆ ಫೋನಿನಲ್ಲೇ ಶೀಟ್ ಮಾಡಿದೆ. ಬ್ಯಾಟಿಂಗಿಗೆ 40 ಅಂಕ, ಬೌಲಿಂಗಿಗೆ 30, ಫೀಲ್ಡಿಂಗಿಗೆ 20, ಫಿಟ್ನೆಸ್ಸಿಗೆ 10. ಮೊದಲ ಕ್ಯಾಪ್ಟನ್‌ಗೆ ಒಂದು ಹುಡುಗ, ಎರಡನೆಯವನಿಗೆ ಎರಡು, ಮತ್ತೆ ಮೊದಲನೆಯವನಿಗೆ ಎರಡು, ಹಾವಿನ ಹಾಗೆ ಹಿಂದೆ ಮುಂದೆ. ಸೋಮವಾರ ಸಂಜೆ, ಮಂಗಳವಾರ ಸಂಜೆ ಮೈದಾನದಲ್ಲಿ ಕುಳಿತು ಅಂಕ ಹಾಕಿದೆ. ಮೈದಾನ ಅಂದ್ರೆ ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆನೆಲ. ಚೆಂಡು ಬಿರುಕಿಗೆ ಬಿದ್ದರೆ ಎತ್ತ ಹೋಗುತ್ತೋ ದೇವರಿಗೇ ಗೊತ್ತು. ಅಲ್ಲಿ ಆಡಿ ಬೆಳೆದವನಿಗೆ ಕಣ್ಣು, ಕೈ ಎರಡೂ ಚುರುಕಾಗುತ್ತವೆ. ಅದಕ್ಕೆ ನನ್ನ ಶೀಟಿನಲ್ಲಿ ಕಾಲಂ ಇರಲಿಲ್ಲ.

ಮಂಗಳವಾರ ರಾತ್ರಿ ಪಟ್ಟಿಯನ್ನು ಅವರ ವಾಟ್ಸ್ಯಾಪ್ ಗ್ರೂಪಿಗೆ ಹಾಕಿ ಮಲಗಿದೆ. ಕಾಕಾನ ಮಗ, ನನ್ನ ತಮ್ಮ, ಹದಿನಾರು ವರ್ಷ, ಅದರಲ್ಲಿ 26ನೆಯವನು.

ಬೆಳಿಗ್ಗೆ ಎದ್ದು ಬಾಗಿಲಿಗೆ ಬಂದರೆ ಓಣಿಯ ಚಿಕ್ಕ ಹುಡುಗನೊಬ್ಬ ಕೂಗುತ್ತಿದ್ದ: "ಏ ಇಪ್ಪತ್ತಾರು! ನಿಮ್ ಎತ್ತಿಗಿ ಬಣ್ಣ ಹಚ್ಚೀರಿಲ್ಲೋ?" ತಮ್ಮ ಉತ್ತರ ಕೊಡಲಿಲ್ಲ. ಕೊಂಬಿಗೆ ಬಣ್ಣ ಹಚ್ಚುತ್ತಿದ್ದವನು ಬ್ರಷ್ ಇಟ್ಟು ಒಳಗೆ ಹೋದ.

ಚಿಗವ್ವ ರೊಟ್ಟಿ ಬಡಿಯುತ್ತಾ ಸಣ್ಣ ದನಿಯಲ್ಲಿ ಕೇಳಿದಳು: "ಅಂವಾ ಅಷ್ಟ್ ಕೆಟ್ಟ್ ಆಡ್ತಾನೇನಪ್ಪಾ?"

ಏನು ಹೇಳಲಿ? ಶೀಟ್ ತೆಗೆದು ನೋಡಿದೆ. ಸೋಮವಾರ ಅವನು ಹೊಲ ಹರಗಿ ಬಂದದ್ದೇ ತಡವಾಗಿ. ನಾನು ನೋಡಿದ್ದು ಅವನ ನಾಲ್ಕು ಎಸೆತ, ಬಿಟ್ಟ ಒಂದು ಕ್ಯಾಚ್. ಮಂಗಳವಾರ ಹೊನ್ನುಗ್ಗಿ, ಎತ್ತುಗಳ ಮೈ ತೊಳೆಯೋಕೆ ಹೊಳೆಗೆ ಹೋಗಿದ್ದ, ಮೈದಾನಕ್ಕೆ ಬಂದೇ ಇರಲಿಲ್ಲ. ಬರೀ ಬೌಲರ್. ಬ್ಯಾಟಿಂಗಿಗೆ 40 ಅಂಕ ಅಂತ ಇಟ್ಟವನು ನಾನು, ಯಾಕಂದ್ರೆ ನನಗೆ ಸಿಕ್ಸರ್ ಇಷ್ಟ. ಅದೇ ಜಾಗದಲ್ಲಿ ಬೌಲಿಂಗಿಗೆ 40 ಅಂತ ಬದಲಿಸಿ ನೋಡಿದೆ. ಅವನು 17ಕ್ಕೆ ಏರಿದ. ಒಂದೇ ಹುಡುಗ, ಅವವೇ ನಾಲ್ಕು ಎಸೆತ.

ಪಟ್ಟಿಯಲ್ಲಿ ಒಂದು ನಂಬರ್ ಆಗಿ ನಿಲ್ಲೋದು ಹೇಗಿರುತ್ತೆ ಅಂತ ನನಗೆ ಗೊತ್ತಿಲ್ಲದ್ದೇನಲ್ಲ. ಸಿಇಟಿ ಫಲಿತಾಂಶ ಬಂದ ದಿನ ಇದೇ ಅಂಗಳದಲ್ಲಿ ಬಂದವರೆಲ್ಲ ನನ್ನ ಹೆಸರಿನ ಬದಲು ರ‍್ಯಾಂಕ್ ಕೇಳಿದ್ದರು. ನನ್ನ ರ‍್ಯಾಂಕಿಗೆ ಬೆಂಗಳೂರಿನ ಒಳ್ಳೆ ಕಾಲೇಜು ಸಿಗ್ತಿರಲಿಲ್ಲ. ಸಿಕ್ಕಿದ್ದು 371(ಜೆ) ಇದ್ದದ್ದರಿಂದ. 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿ ಆಗಿ, ನಮ್ಮ ಭಾಗದ ಕಾಲೇಜುಗಳಲ್ಲಿ ನಮ್ಮವರಿಗೆ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಅಂತ ಆಯಿತಲ್ಲ, ಆ ಎಂಟರಲ್ಲಿ ನಾನೊಬ್ಬ. ಮೊದಲ ವರ್ಷ ಹಾಸ್ಟೆಲಿನಲ್ಲಿ ಒಬ್ಬ "ಓ, ನೀವು ಜೆ ಕೋಟಾನಾ?" ಅಂದದ್ದು ಈಗಲೂ ಕಿವಿಯಲ್ಲಿದೆ. ಅವನೂ ನಾನೂ ಒಂದೇ ಪುಸ್ತಕ ಓದಿ, ಒಂದೇ ಪರೀಕ್ಷೆ ಬರೆದು, ಒಂದೇ ಥರದ ಕೆಲಸಕ್ಕೆ ಸೇರಿದೆವು. ಆ ನಂಬರ್ ಆಮೇಲೆ ಯಾರೂ ಕೇಳಲಿಲ್ಲ. ಆದರೆ ಹದಿನೆಂಟನೇ ವಯಸ್ಸಿನಲ್ಲಿ ಅದು ಹಣೆಗೆ ಅಂಟಿಸಿದ ಚೀಟಿ.

ಟೊರಾಂಟೋದವರು ಹೇಳಿದ ಇನ್ನೊಂದು ಕಥೆ ಆಗ ನೆನಪಾಯಿತು. ಪಾವೆಲ್ ದತ್ಸ್ಯುಕ್ ಅಂತ ರಷ್ಯಾದ ಆಟಗಾರ. 1998ರ ಡ್ರಾಫ್ಟಿನಲ್ಲಿ ಅವನನ್ನು ಡೆಟ್ರಾಯಿಟ್ ತಂಡ ಆರಿಸಿದ್ದು 171ನೆಯವನಾಗಿ. ಅದೂ ಆ ತಂಡದ ಸ್ಕೌಟ್ ಬೇರೆ ಹುಡುಗನನ್ನು ನೋಡೋಕೆ ಅಂತ ಹೋಗಿದ್ದಾಗ ಇವನು ಕಣ್ಣಿಗೆ ಬಿದ್ದಿದ್ದ. ಆಮೇಲೆ ಎರಡು ಸಲ ಸ್ಟ್ಯಾನ್ಲಿ ಕಪ್ ಗೆದ್ದ. ಅವನಿಗಿಂತ ಮೇಲಿದ್ದ 170 ಜನರಲ್ಲಿ ಎಷ್ಟು ಜನರ ಹೆಸರು ಇವತ್ತು ನೆನಪಿದೆ ಅಂತ ಅವರೇ ನಗ್ತಿದ್ದರು.

ನಮ್ಮ ಕಡೆ ಕಥೆ ಇನ್ನೂ ಉದ್ದ, ಯಾಕಂದ್ರೆ ನಮ್ಮೂರಿಗೆ ಸ್ಕೌಟ್ ದಾರಿ ತಪ್ಪಿಯೂ ಬರೋದಿಲ್ಲ. ಮಹಾರಾಜ ಟ್ರೋಫಿ ಗೊತ್ತಲ್ಲ, ಕೆಎಸ್‌ಸಿಎ ನಡೆಸುವ ಟಿ20. 2022ರ ಮೊದಲ ವರ್ಷ ಅಲ್ಲೂ ಹರಾಜು ಇರಲಿಲ್ಲ, ಡ್ರಾಫ್ಟೇ ಇತ್ತು. ಆಟಗಾರರನ್ನು ಎ, ಬಿ, ಸಿ, ಡಿ ಅಂತ ನಾಲ್ಕು ದರ್ಜೆ ಮಾಡಿ, ಎ ದರ್ಜೆಗೆ 5 ಲಕ್ಷ, ಡಿ ದರ್ಜೆಗೆ 50 ಸಾವಿರ. ಆ ವರ್ಷ ಕಪ್ ಗೆದ್ದದ್ದು ನಮ್ಮ ಗುಲ್ಬರ್ಗಾ ಮಿಸ್ಟಿಕ್ಸ್, ಮನೀಶ್ ಪಾಂಡೆ ನಾಯಕ. ಚಿನ್ನಸ್ವಾಮಿಯಲ್ಲಿ ಫೈನಲ್ ನೋಡಿ ಗಂಟಲು ಕಟ್ಟುವಷ್ಟು ಕೂಗಿದ್ದೆ. ಮರುವರ್ಷದಿಂದ ಹರಾಜು. 2023ರಲ್ಲಿ ಅಭಿನವ್ ಮನೋಹರ್ 15 ಲಕ್ಷಕ್ಕೆ ಹೋದರು.

ಊರಿನ ಹೆಸರು 2014ರಲ್ಲೇ ಕಲಬುರಗಿ ಆಯಿತು, ತಂಡ ಇನ್ನೂ ಗುಲ್ಬರ್ಗಾ. ಅದು ಹೋಗಲಿ. ತಂಡದಲ್ಲಿ ತಮ್ಮ ಭಾಗದ ಇಬ್ಬರಾದರೂ ಇರಬೇಕು ಅಂತ ಒಂದು ನಿಯಮ ಇದೆ. ಇದು ಕ್ರಿಕೆಟಿನ 371(ಜೆ) ಅಂತ ನಾನು ತಮಾಷೆ ಮಾಡ್ತಿದ್ದೆ. ಆದರೆ ಆ ಇಬ್ಬರಲ್ಲಿ ಒಬ್ಬನಾಗೋಕೂ ಮೊದಲು ರಾಯಚೂರು ವಲಯದವರ ಕಣ್ಣಿಗೆ ಬೀಳಬೇಕು. ಅದಕ್ಕೆ ಲೆದರ್ ಬಾಲ್ ಬೇಕು, ಪ್ಯಾಡ್, ಹೆಲ್ಮೆಟ್ ಬೇಕು, ಕಲಬುರಗಿಯಲ್ಲಿ ಕ್ಲಬ್ ಬೇಕು, ದಿನಾ ಹೋಗಿ ಬರೋ ಬಸ್ ಖರ್ಚು ಬೇಕು. ಸಂಜೆ ಹೊಲ ಹರಗೋಕೆ ಇನ್ನೊಬ್ಬ ಬೇಕು. ಕೊನೆಯದು ಸಿಗೋದು ಎಲ್ಲಕ್ಕಿಂತ ಕಷ್ಟ. ಅಲ್ಲಿ ಯಾವ ಪಟ್ಟಿಯಲ್ಲೂ ನಮ್ಮ ಹುಡುಗರ ಹೆಸರು ಕೆಳಗೆ ಇರೋದಿಲ್ಲ. ಹೆಸರೇ ಇರೋದಿಲ್ಲ. ಇದ್ದ ಒಂದೇ ಪಟ್ಟಿ ನಾನು ಮಾಡಿದ್ದು. ಅದೂ ಹೀಗೆ.

ಮಧ್ಯಾಹ್ನ ಮುತ್ಯಾನ ಹತ್ತಿರ ಕುಳಿತೆ. ಎತ್ತಿಗೆ ಹಣೆಪಟ್ಟಿ ಕಟ್ಟುತ್ತಿದ್ದ. ಪಟ್ಟಿ ವಿಷಯ ಅವನ ಕಿವಿಗೂ ಬಿದ್ದಿತ್ತು.

"ಸಂತಿಯಾಗ ಹೋರಿ ತರ್ಲಾಕ ಹೋದ್ರ ನೀ ಏನ್ ನೋಡ್ತಿ?" ಅಂತ ಕೇಳಿದೆ.

"ಹಲ್ಲು ನೋಡ್ತೀನಿ, ಹೆಗಲು ನೋಡ್ತೀನಿ, ಗೊರಸು ನೋಡ್ತೀನಿ, ನಡಿಸಿ ನೋಡ್ತೀನಿ."

"ಆಮ್ಯಾಲ ನಂಬರ್ ಕೊಡ್ತಿ?"

"ನಂಬರ್ ಯಾಕ? ಮನ್ಯಾಗ ಇರೂ ಎತ್ತಿಗಿ ಜೋಡಿ ಆಗ್ತದೋ ಇಲ್ಲೋ ನೋಡ್ತೀನಿ. ಒಂದು ಎತ್ತರ, ಒಂದು ಗಿಡ್ಡ ಆದ್ರ ನೊಗ ವಾರಿ ಆಗ್ತದ." ಸ್ವಲ್ಪ ತಡೆದು, "ನೀವು ಸಣ್ಣವರಿದ್ದಾಗ ಜೋಡಿ ಆಡ್ತಿದ್ದಿರಲ್ಲೋ, ಅದ್ ಏನಾಯ್ತು?" ಅಂದ.

ಎಷ್ಟು ವರ್ಷ ಆಗಿತ್ತು ಅದು ಮರೆತು! ಚಿಣ್ಣಿದಾಂಡು, ಲಗೋರಿ, ಕಬಡ್ಡಿ, ಯಾವ ಆಟಕ್ಕೂ ನಾವು ತಂಡ ಹಂಚುತ್ತಿದ್ದದ್ದು ಹಾಗೆಯೇ. ನಿಮ್ಮೂರಲ್ಲೂ ಇದ್ದಿರಬೇಕು. ಸರಿಸಮ ಆಡುವ ಇಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ತಮಗೆ ಒಂದೊಂದು ಹೆಸರು ಇಟ್ಟುಕೊಂಡು ಬರೋದು. ಬಂದು ಕ್ಯಾಪ್ಟನ್‌ನನ್ನು ಕೇಳೋದು: ಹುಲಿ ಬೇಕೋ, ಸಿಂಹ ಬೇಕೋ? ಅವನು ಕೇಳಿದ ಹೆಸರಿನವನು ಅವನ ಕಡೆ, ಉಳಿದವನು ಆ ಕಡೆ. ಮುಂದಿನ ಜೋಡಿ ಇನ್ನೊಬ್ಬ ಕ್ಯಾಪ್ಟನ್‌ನನ್ನು ಕೇಳೋದು. ಕೊನೆಯಲ್ಲಿ ಒಬ್ಬನೇ ಉಳಿದು ನಿಲ್ಲೋ ಪ್ರಶ್ನೆಯೇ ಇಲ್ಲ. ನನಗೆ ಸರಿಸಮ ಯಾರು ಅಂತ ಅಳೆಯೋ ಕೆಲಸ ಹುಡುಗರದ್ದೇ. ಅವರಿಗೆ ಒಬ್ಬರಿಗೊಬ್ಬರ ಆಟ ವರ್ಷವಿಡೀ ನೋಡಿ ಗೊತ್ತಿರುತ್ತೆ. ನನ್ನದು ಎರಡು ಸಂಜೆಯ ಲೆಕ್ಕ.

ಸಂಜೆ ಕರಿ ಹರಿಯೋದು ನೋಡೋಕೆ ಇಡೀ ಊರು ಅಗಸಿಗೆ ಬಂತು. ಕಂದು ಎತ್ತು ಮೊದಲು ಬಂದರೆ ಮುಂಗಾರಿ ಬೆಳೆ ಚೆನ್ನ, ಬಿಳಿ ಎತ್ತು ಬಂದರೆ ಹಿಂಗಾರಿ ಅಂತ ಹಿರಿಯರ ಲೆಕ್ಕ. ಬಂದದ್ದು ಕಂದು. ತೊಗರಿ ಬಿತ್ತೋರೆಲ್ಲ ಶಿಳ್ಳೆ ಹೊಡೆದರು. ಆ ಗದ್ದಲದಲ್ಲೇ ತಮ್ಮನನ್ನು ಪಕ್ಕಕ್ಕೆ ಕರೆದು, "ತಪ್ಪಾಯ್ತೋ, ನಾ ಸರಿ ನೋಡ್ಲಿಲ್ಲ" ಅಂದೆ.

"ಇರ್ಲಿ ಬಿಡಣ್ಣಾ. ಆದ್ರ ಅವತ್ತ ಮುಂಜಾನಿಂದ ಕುಂಟಿ ಹೊಡ್ದಿದ್ದೆ, ಕೈ ಏಳ್ತಿದ್ದಿಲ್ಲ. ಅದ್ ಬರದಿಯೇನು ಅದರಾಗ?" ಅಂದ. ಬರೆದಿರಲಿಲ್ಲ.

ಶೀಟ್ ಡಿಲೀಟ್ ಮಾಡಿದೆ. ಏನೂ ಉಪಯೋಗ ಆಗಲಿಲ್ಲ. ಎಲ್ಲರ ಫೋನಲ್ಲೂ ಸ್ಕ್ರೀನ್‌ಶಾಟ್ ಇತ್ತು.

ಗುರುವಾರ ಬೆಳಿಗ್ಗೆ ಮೈದಾನದಲ್ಲಿ ಜೋಡಿ ಶುರುವಾಯಿತು. ದೊಡ್ಡ ಹುಡುಗರಿಗೆ ಮೊದಲು ನಾಚಿಕೆ, ಇದೇನು ಸಣ್ಣ ಮಕ್ಕಳಾಟ ಅಂತ. ಎರಡು ಜೋಡಿ ಮುಗಿಯೋದ್ರೊಳಗೆ ಎಲ್ಲರೂ ಗುಸುಗುಸು ಮಾಡ್ತಾ ಬೇವಿನ ಗಿಡದ ಹಿಂದೆ ಓಡೋಕೆ ಶುರು ಮಾಡಿದರು. ರೊಟ್ಟಿ ಬೇಕೋ ಅನ್ನ ಬೇಕೋ. ವಿರಾಟ್ ಬೇಕೋ ರೋಹಿತ್ ಬೇಕೋ. ತಮ್ಮನ ಹತ್ತಿರ ಬಂದು ಹೆಗಲಿಗೆ ಕೈ ಹಾಕಿದವನು ವಿಕೆಟ್ ಕೀಪರ್ ಹುಡುಗ. ನನ್ನ ಪಟ್ಟಿಯಲ್ಲಿ ನಾಲ್ಕನೆಯವನು. ಗುಂಪಿನಲ್ಲಿ ಯಾರೋ "ಏ, ನಾಕಕ್ಕೂ ಇಪ್ಪತ್ತಾರಕ್ಕೂ ಎಲ್ಲಿ ಜೋಡಿ?" ಅಂದ್ರು.

"ಇವನ ಚೆಂಡು ಹಿಡಿಯೋನು ನಾ. ನಂಗ್ ಗೊತ್ತದ" ಅಂದ ಕೀಪರ್.

ಇಬ್ಬರೂ ಗಿಡದ ಹಿಂದೆ ಹೋಗಿ ಬಂದರು. "ಭೀಮಾ ಬೇಕೋ, ಕೃಷ್ಣಾ ಬೇಕೋ?"

ಕ್ಯಾಪ್ಟನ್‌ಗೆ ಕೀಪರ್ ಬೇಕಾಗಿತ್ತು, ಮುಖ ನೋಡಿದ್ರೇ ಗೊತ್ತಾಗ್ತಿತ್ತು. ತುಂಬಾ ಹೊತ್ತು ಇಬ್ಬರ ಕಣ್ಣನ್ನೂ ನೋಡಿ, "ಭೀಮಾ" ಅಂದ. ನಮ್ಮ ಹೊಳೆಯನ್ನು ಹೇಗೆ ಬಿಡ್ತಾನೆ? ತಮ್ಮ ಒಂದು ಹೆಜ್ಜೆ ಮುಂದೆ ಬಂದ. ಮೈದಾನ ಎಲ್ಲ ನಕ್ಕಿತು, ಕ್ಯಾಪ್ಟನ್ ಕೂಡ ತಲೆ ಮೇಲೆ ಕೈ ಇಟ್ಟುಕೊಂಡು ನಕ್ಕ.

ಅದೇ ರಾತ್ರಿ ನಾನು ರೈಲು ಹತ್ತಿದೆ. ಆ ತಿಂಗಳ ಕೊನೆಗೆ ಹಾಕಿ ಡ್ರಾಫ್ಟಿನಲ್ಲಿ ಮ್ಯಾಥ್ಯೂ ಶೇಫರ್ ಅನ್ನೋ ಹುಡುಗನನ್ನು ನ್ಯೂಯಾರ್ಕ್ ಐಲ್ಯಾಂಡರ್ಸ್ ಮೊದಲನೆಯವನಾಗಿ ಆರಿಸಿತು. ಜುಲೈನಲ್ಲಿ ಮಹಾರಾಜ ಟ್ರೋಫಿ ಹರಾಜಾಗಿ ದೇವದತ್ತ ಪಡಿಕ್ಕಲ್ 13.20 ಲಕ್ಷಕ್ಕೆ ಹುಬ್ಬಳ್ಳಿ ಟೈಗರ್ಸ್‌ಗೆ ಹೋದರು. ಆದರೆ, ನಿಜ ಹೇಳಬೇಕಂದ್ರೆ, ನಾನು ಕಾದಿದ್ದು ಮಣ್ಣೆತ್ತಿನ ಅಮಾವಾಸ್ಯೆಯ ಸ್ಕೋರಿಗೆ. ತಮ್ಮ ಮೊದಲ ಮ್ಯಾಚ್‌ನಲ್ಲಿ ಎರಡು ಓವರಿಗೆ 29 ರನ್ ಕೊಟ್ಟನಂತೆ. ಎರಡನೆಯದರಲ್ಲಿ ಮೂರು ವಿಕೆಟ್. ಮೂರನೆಯದು ಮಳೆಗೆ ಹೋಯಿತು. ಎರೆನೆಲ ಒಮ್ಮೆ ನೆನೆದರೆ ಚಪ್ಪಲಿಯೇ ಮೇಲೆ ಬರೋದಿಲ್ಲ, ಇನ್ನು ಆಟ ಎಲ್ಲಿಯದು.

ಆ ರಾತ್ರಿ ಅವನಿಂದ ಒಂದು ಫೋಟೋ ಬಂತು. ಕೆಸರಾದ ನೀಲಿ ಜೆರ್ಸಿ, ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಂತಿದ್ದಾನೆ. ಬೆನ್ನ ಮೇಲೆ ದೊಡ್ಡದಾಗಿ 26. ಅವನೇ ಕೇಳಿ ಹಾಕಿಸಿಕೊಂಡನಂತೆ. ನನ್ನ ಮೇಲಿನ ಸಿಟ್ಟಿಗೋ, ತಮಾಷೆಗೋ ಅಂತ ಕೇಳಿದೆ. ಹೆಬ್ಬೆರಳಿನ ಇಮೋಜಿ ಒಂದು ಕಳಿಸಿ ಸುಮ್ಮನಾದ.