ಹುಲಿ-ಮೇಕೆಯ ಚಹಾ

ಗುಜರಾತಿಗೆ ಬಂದು ನೆಲಸಿದ ಕನ್ನಡಿಗರಿಗೆ ಮೊದಲು ನೆನಪಾಗುವುದು ಊರಿನ ಕಾಫಿ. ಕೆಲವು ತಿಂಗಳು ಕಳೆದರೆ ನಾಲಗೆ ತಾನಾಗಿ ಚಹಾಕ್ಕೆ ಒಗ್ಗುತ್ತದೆ. ಅಹಮದಾಬಾದಿನಿಂದ ವಡೋದರಾ ಮಾರ್ಗವಾಗಿ ಸೂರತ್ತಿಗೆ ರೈಲಿನಲ್ಲಿ ಸುಮಾರು 230 ಕಿಲೋಮೀಟರು. ಈ ದಾರಿಯಲ್ಲಿ ಚಹಾಕ್ಕೆ ಬರವೆಂಬುದಿಲ್ಲ. ಆದರೆ ಪುಡಿಯ ಚಹಾ ಮೇಲೋ, ಚೀಲದ ಚಹಾ ಮೇಲೋ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಆಗಾಗ ಏಳುವುದುಂಟು.

ಅಹಮದಾಬಾದಿನಿಂದಲೇ ಆರಂಭಿಸೋಣ. ದಕ್ಷಿಣ ಆಫ್ರಿಕದಲ್ಲಿ ಚಹಾ ಬೆಳೆಯುತ್ತಿದ್ದ ನಾರಣದಾಸ ದೇಸಾಯಿಯವರು 1915ರಲ್ಲಿ ಗಾಂಧೀಜಿಯವರ ಪತ್ರದೊಡನೆ ಸ್ವದೇಶಕ್ಕೆ ಮರಳಿ, 1919ರಲ್ಲಿ ಇಲ್ಲಿ 'ಗುಜರಾತ್ ಟೀ ಡಿಪೋ' ತೆರೆದರು. 1934ರಲ್ಲಿ 'ವಾಘ್ ಬಕ್ರಿ' ಮಾರ್ಕು ಬಂದಿತು. ವಾಘ್ ಎಂದರೆ ಹುಲಿ, ಬಕ್ರಿ ಎಂದರೆ ಮೇಕೆ. ಎರಡೂ ಒಂದೇ ಬಟ್ಟಲಿನಲ್ಲಿ ಚಹಾ ಕುಡಿಯುತ್ತಿರುವ ಚಿತ್ರ. ಮೇಲು ಕೀಳೆಂಬ ಭೇದ ಬೇಡವೆಂಬುದು ಅದರ ಅರ್ಥ. ಈಗ ಅದೇ ಹೆಸರಿನಲ್ಲಿ ಪುಡಿಯೂ ಸಿಗುತ್ತದೆ, ಚೀಲವೂ ಸಿಗುತ್ತದೆ.

ಈ ಊರಿನ ಬೀದಿಬದಿಯ ಚಹಾ ಅಂಗಡಿಗೆ 'ಕೀಟ್ಲಿ' ಎಂದು ಹೆಸರು. ಅಲ್ಲಿ ಹಾಲು, ನೀರು, ಸಕ್ಕರೆ, ಪುಡಿ, ಶುಂಠಿ ಎಲ್ಲವೂ ಒಂದೇ ಪಾತ್ರೆಯಲ್ಲಿ ಕುದಿಯುತ್ತವೆ. ಕೆಲವೆಡೆ ಪುದೀನ, ಮಜ್ಜಿಗೆಹುಲ್ಲು ಕೂಡ ಬೀಳುತ್ತವೆ. ಹರಳುಹರಳಾದ ಪುಡಿ ಆ ಕುದಿತವನ್ನು ತಾಳಿ, ಹಾಲನ್ನೂ ಮೀರಿ ತನ್ನ ಬಣ್ಣ ರುಚಿಗಳನ್ನು ತೋರಿಸುತ್ತದೆ. 'ಅಡಧಿ' ಎಂದರೆ ಅರ್ಧ ಚಹಾ. ನಮ್ಮ ಬೆಂಗಳೂರಿನ ಬೈಟೂವಿಗೆ ಹತ್ತಿರದ ನೆಂಟ.

ಚೀಲದ ಸ್ವಭಾವವೇ ಬೇರೆ. ಅದರೊಳಗೆ ಸುಮಾರು 2 ಗ್ರಾಂ ನುಣ್ಣನೆಯ ಪುಡಿ ಇರುತ್ತದೆ. ಕುದಿವ ನೀರಿನಲ್ಲಿ ಮೂರು ನಾಲ್ಕು ನಿಮಿಷದಲ್ಲಿ ಸಾರ ಬಿಡುತ್ತದೆ. ಹಾಲಿನಲ್ಲಿಯೇ ಅದ್ದಿದರೆ ಸಪ್ಪೆ. ಮೊದಲು ನೀರು, ಆಮೇಲೆ ಹಾಲು. ವಡೋದರಾ ವಿದ್ಯಾರ್ಥಿಗಳ ಊರು. ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ 1949ರಿಂದ ಇದೆ. ಮನೆಬಿಟ್ಟು ಬಂದು ಒಂದು ಕೋಣೆಯಲ್ಲಿರುವ ಹುಡುಗನಿಗೋ ಹುಡುಗಿಗೋ, ಒಲೆ ಸೋಸುಕ ಒಂದೂ ಬೇಡದ ಈ ಚೀಲ ನಡುರಾತ್ರಿಯ ಓದಿಗೆ ದೊಡ್ಡ ಉಪಕಾರ. ಅದನ್ನು ಹಳಿಯಬಾರದು.

ಹಾಲಿಲ್ಲದ ಚಹಾ ಪರದೇಶದ ಚಾಳಿ ಎನ್ನುವವರು ಸೂರತ್ತಿನ ಕಥೆ ಕೇಳಬೇಕು. ಅಲ್ಲಿಗೆ ಬಂದಿದ್ದ ಇಂಗ್ಲಿಷ್ ಪಾದ್ರಿ ಜಾನ್ ಓವಿಂಗ್ಟನ್, 1696ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ ಚಹಾದ ಪ್ರಸ್ತಾಪ ಮಾಡಿದ್ದಾನೆ. ಮಸಾಲೆ ಹಾಕಿ ಕುದಿಸಿದ ಚಹಾ ತಲೆನೋವಿಗೂ ಹೊಟ್ಟೆನುಲಿತಕ್ಕೂ ಮದ್ದೆನಿಸಿತ್ತು. ಕಲ್ಲುಸಕ್ಕರೆಯೊಡನೆಯೋ, ಕೆಡದಂತೆ ಕಾಪಿಟ್ಟ ನಿಂಬೆಯೊಡನೆಯೋ ಕುಡಿಯುತ್ತಿದ್ದರು. ಅಸ್ಸಾಮಿನ ತೋಟಗಳು ಹುಟ್ಟುವುದಕ್ಕೆ ಶತಮಾನಕ್ಕೂ ಹಿಂದಿನ ಮಾತಿದು. ಹೀಗಿರುವಾಗ ಚೀಲದ ಚಹಾಕ್ಕೆ ನಿಂಬೆ ಹಿಂಡಿ ಕುಡಿಯುವವರನ್ನು ಕಂಡು ನಗುವುದೇತಕ್ಕೆ?

ಆದರೂ ಒಂದು ಮಾತು. ಮನೆಗೆ ನಾಲ್ವರು ಬಂದಾಗ ಲೋಟಕ್ಕೊಂದು ಚೀಲ ಇಳಿಬಿಟ್ಟರೆ, ಹುಲಿ ಮೇಕೆಗಳು ತಂತಮ್ಮ ಬಟ್ಟಲು ಹಿಡಿದು ಬೇರೆಬೇರೆ ಕುಳಿತಂತಾಗುತ್ತದೆ. ಪಾತ್ರೆಯಲ್ಲಿ ಚಹಾ ಕುದಿಯುವಷ್ಟು ಹೊತ್ತು ಬಂದವರು ಕೂರುತ್ತಾರೆ, ಊರಿನ ಸುದ್ದಿ ಹೇಳುತ್ತಾರೆ. ಪರಊರಿನಲ್ಲಿ ಬಾಳುವ ನಮಗೆ ಆ ಹತ್ತು ನಿಮಿಷ ಬೇಕು. ಒಬ್ಬರೇ ಇದ್ದಾಗ ಚೀಲ ಸಾಕು. ನೆಂಟರು ಬಂದರೆ ಒಲೆಯ ಮೇಲೆ ಪಾತ್ರೆಯನ್ನೇ ಇಡಿ.