ಐದು ಬೆರಳಿನ ಎಲೆ

ಶ್ರಾವಣದ ಒಂದು ಮುಂಜಾನೆ ಮೊಮ್ಮಗಳನ್ನು ಸವಣೂರಿಗೆ ಕರೆದುಕೊಂಡು ಹೋಗಿದ್ದೆ. ಅವಳಿಗಿನ್ನೂ ಆರು ತುಂಬಿರಲಿಲ್ಲ. ಅಲ್ಲಿಯ ದೊಡ್ಡಹುಣಸೆ ಕಲ್ಮಠದ ಆವರಣದ ಮರವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಬುಡವೇ ಒಂದು ಕೋಣೆಯಷ್ಟು ದಪ್ಪ. ಬೂದು ಬಣ್ಣದ ತೊಗಟೆ, ಅಲ್ಲಲ್ಲಿ ಆನೆಯ ಮೊಣಕಾಲಿನ ಹಾಗೆ ಮಡಿಕೆ ಬಿದ್ದದ್ದು. ಊರವರು ಅದನ್ನು ದೊಡ್ಡ ಹುಣಸೆ ಎಂದೇ ಕರೆಯುತ್ತಾರೆ.

ಅಂಗೈಯನ್ನು ತೊಗಟೆಯಿಂದ ಎತ್ತದೆ ಅವಳು ಮರವನ್ನು ಒಂದು ಸುತ್ತು ಹಾಕಿದಳು. ನಾನು ನವಾಬರ ಕಾಲದ ಕಥೆ ಶುರು ಮಾಡಿದೆ. ಕಿವಿಗೊಡಲಿಲ್ಲ. ಕೆಳಗೆ ಬಿದ್ದ ಎಲೆಯೊಂದನ್ನು ಎತ್ತಿಕೊಂಡು ಬಂದಳು.

“ಅಜ್ಜಾ, ಇದು ಹುಣಸಿ ಅಲ್ಲ.”

“ಯಾಕವಾ?”

“ಹುಣಸಿ ಎಲಿ ಸಣ್ಣ ಸಣ್ಣ ಇರ್ತಾವ. ಇದು ನೋಡಿಲ್ಲಿ, ನನ್ನ ಕೈ ಹಂಗ ಐತಿ.”

“ದೊಡ್ಡ ಹುಣಸಿ ಅಲ್ಲೇನವಾ, ಅದಕ್ಕ ಎಲೀನೂ ದೊಡ್ಡದು” ಎಂದುಬಿಟ್ಟೆ. ಅವಳು ಒಪ್ಪಲಿಲ್ಲ. ಎಲೆಯನ್ನು ನೆಲದ ಮೇಲೆ ಹರವಿ, ಅದರ ಮೇಲೆ ತನ್ನ ಅಂಗೈ ಊರಿದಳು. ಒಂದೇ ತೊಟ್ಟಿನಿಂದ ಹೊರಟ ಐದು ಎಸಳು, ಐದು ಬೆರಳು.

ಅವಳು ಹೇಳಿದ್ದೇ ಖರೆ. ಅದು ಆಫ್ರಿಕಾ ಮೂಲದ ಬಾವೊಬಾಬ್. ಕಾಯೊಳಗಿನ ತಿರುಳು ಹುಳಿ ಎಂದು ನಮ್ಮ ಜನ ಹುಣಸೆಯ ಹೆಸರಿಟ್ಟರು. ಹುಣಸೆಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. 1759ರಲ್ಲಿ ಲಿನೇಯಸ್ ಈ ಮರಕ್ಕೆ ಕೊಟ್ಟ ಹೆಸರು ಅಡನ್ಸೋನಿಯಾ ಡಿಜಿಟಾಟಾ. ಡಿಜಿಟಾಟಾ ಅಂದರೆ ಲ್ಯಾಟಿನ್ನಿನಲ್ಲಿ ಬೆರಳುಳ್ಳದ್ದು. ಅಷ್ಟು ದೊಡ್ಡ ಪಂಡಿತ ಕಂಡದ್ದನ್ನೇ ನನ್ನ ಮೊಮ್ಮಗಳೂ ಕಂಡಿದ್ದಳು. ಅದಕ್ಕೆ ಅವಳಿಗೆ ಬೇಕಾಗಿದ್ದದ್ದು ಹತ್ತು ನಿಮಿಷದ ಪುರುಸೊತ್ತು. ನಾನು ಮಾತ್ರ ಕೇಳದ ಕಥೆ ಹೇಳಿ, ಕೇಳಿದ್ದಕ್ಕೆ ಮುಚ್ಚಳ ಹಾಕಿದ್ದೆ.

ಆ ಮುಚ್ಚಳದ ಸಪ್ಪಳ ನನಗೆ ಇನ್ನೂ ಕೇಳುತ್ತದೆ. ಮಕ್ಕಳಿಗೆ ಗೊತ್ತಿಲ್ಲದ್ದನ್ನು ತಿಳಿಸುವ ಅವಸರದಲ್ಲಿ, ಅವರು ಆಗಲೇ ಕಂಡದ್ದನ್ನು ನಾವು ಕೇಳುವುದೇ ಇಲ್ಲ. ಅಂದಿನಿಂದ ನಾನು ಒಂದು ರೂಢಿ ಮಾಡಿಕೊಂಡೆ. ಹೆಸರು ಹೇಳುವ ಮೊದಲು “ಮತ್ತೇನು ಕಾಣ್ತವಾ?” ಎಂದು ಕೇಳುತ್ತೇನೆ. ಹೆಸರು ಎಲ್ಲಿಗೂ ಓಡಿಹೋಗುವುದಿಲ್ಲ.

ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ ಅವಳು ಮಂಟಪದ ನಡುವೆ ಅಂಗಾತ ಮಲಗಿಬಿಟ್ಟಳು. ಮೇಲೆ ಛತ್ತಿನಲ್ಲಿ ಕೆತ್ತಿದ ಆ ದೊಡ್ಡ ಕಮಲ. “ಏಳವಾ, ಗುಡಿಯಾಗ ಹಂಗ ಮಲಗಬಾರದು” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಕತ್ತು ಎತ್ತಿ ಎಷ್ಟು ಹೊತ್ತು ನೋಡಲಾದೀತು? ಪೂಜೆಗೆ ಬಂದವರ ಕಾಲಿಗೆ ಅಡ್ಡವಾಗದ ಹಾಗೆ ಒಂದು ಕಂಬದ ಮಗ್ಗುಲಿಗೆ ಸರಿಸಿ ನಾನೂ ಪಕ್ಕದಲ್ಲಿ ಕೂತೆ.

ಶಿಗ್ಗಾವಿ ತಾಲೂಕಿನ ಶಿಶುನಾಳದ ಷರೀಫರ ಬಗ್ಗೆ ಜನ ಒಂದು ಮಾತು ಹೇಳುತ್ತಾರೆ. ಗೋವಿಂದ ಭಟ್ಟರು ಹುಡುಗನಿಗೆ ನಿಮ್ಮಪ್ಪ ಯಾರು ಎಂದರಂತೆ. ನಿಮಗೆ ಯಾರು ಅಪ್ಪನೋ ನನಗೂ ಅವನೇ ಎಂದನಂತೆ ಹುಡುಗ. ಕೂತ ಜನ ಸಿಟ್ಟಾದರು, ಗುರುವಿಗೆ ಆನಂದವಾಯಿತು. ಈ ಕಥೆಯಲ್ಲಿ ನನಗೆ ಷರೀಫರಷ್ಟೇ ಗೋವಿಂದ ಭಟ್ಟರೂ ದೊಡ್ಡವರಾಗಿ ಕಾಣುತ್ತಾರೆ. ಹುಡುಗನ ಮಾತನ್ನು ಉದ್ಧಟತನ ಎನ್ನದೆ ಬೆಳಕು ಎಂದುಕೊಳ್ಳುವುದು ಎಲ್ಲರಿಗೂ ಬರುವಂಥದ್ದಲ್ಲ.

ಹಾಗೆಂದು ಎಲ್ಲವನ್ನೂ ಮುಟ್ಟಲು ಬಿಡಲಾಗದು. ನಮ್ಮ ಹೊಲಗಳಲ್ಲಿ ಬೋರಿನ ಸ್ಟಾರ್ಟರ್ ಡಬ್ಬಿ ಇದೆ, ಕೃಷಿಹೊಂಡ ಇದೆ, ಹತ್ತಿಗೆ ಹೊಡೆದು ಉಳಿದ ಎಣ್ಣೆಯ ಬಾಟಲಿ ಇದೆ. ಅಲ್ಲಿ “ಬ್ಯಾಡ” ಅಂದರೆ ಬ್ಯಾಡವೇ. ಆ ಮಾತಿಗೆ ತೂಕ ಇರಬೇಕಾದರೆ ಕೆಸರಿಗೂ ಕಂಬಳಿಹುಳಕ್ಕೂ ಕಪ್ಪೆಗೂ ದಿನವಿಡೀ ಅದನ್ನೇ ಖರ್ಚು ಮಾಡಬಾರದು. ಕಂಬಳಿಹುಳಕ್ಕೆ ಒಂದು ಕಡ್ಡಿ ಕೊಟ್ಟರೆ ಸಾಕು, ಕೈ ದೂರ ಉಳಿಯುತ್ತದೆ, ಕಣ್ಣು ಹತ್ತಿರ ಹೋಗುತ್ತದೆ.

ಅದೇ ತಿಂಗಳು ಹಿರೇಕೆರೂರಿನ ಬೀಗರ ಹೊಲಕ್ಕೆ ಹೋಗಿದ್ದೆವು. ಬದುವಿನ ಮೇಲೆ ಒಂದು ಎಳೆಯ ಬೂರುಗದ ಮರ, ಮೈತುಂಬ ಮುಳ್ಳು. ಅವಳು ಕೈ ಚಾಚಿದಳು. ಎಳೆದುಕೊಳ್ಳದೆ ಮುಂಗೈಯನ್ನು ಸಡಿಲವಾಗಿ ಹಿಡಿದೆ. “ಒಂದ ಬೆರಳು. ಮೆಲ್ಲಕ. ತುದಿ ಬ್ಯಾಡ, ಬುಡದ ಕಡೆ ಮುಟ್ಟು.” ಉಸಿರು ಬಿಗಿಹಿಡಿದು ಮುಟ್ಟಿದಳು. ಮುಳ್ಳಿನ ಬುಡ ಅಗಲ, ತುದಿ ಚೂಪು ಎಂದು ಬೆರಳೇ ಅವಳಿಗೆ ಹೇಳಿತು. ಆಮೇಲೆ ತಾನಾಗಿ ಕೈ ಹಿಂದೆ ತೆಗೆದುಕೊಂಡು ಮೇಲೆ ನೋಡಿದಳು.

“ಅಜ್ಜಾ, ಇದಕ್ಕೂ ಕೈ ಎಲಿ! ಸವಣೂರ ಮರದ ತಂಗಿ ಏನಿದು?”

ಬೂರುಗವೂ ಬಾವೊಬಾಬೂ ಒಂದೇ ಕುಟುಂಬದವು ಎನ್ನುತ್ತದೆ ಸಸ್ಯಶಾಸ್ತ್ರ. ನಾನು ಅದನ್ನು ಹೇಳಲು ಬಾಯಿ ತೆರೆಯಲಿಲ್ಲ. “ಮತ್ತೇನು ಕಾಣ್ತವಾ?” ಎಂದೆ. ಅವಳು ಎಲೆಯೊಂದನ್ನು ಬಗ್ಗಿಸಿ ಕೊಡೆಂದಳು, ಕೊಟ್ಟೆ. ಮೂರು ಗಂಟೆಯ ಬಸ್ಸು ಹೋದ ಸಪ್ಪಳ ಕೇಳಿಸಿತು. ಅವಳು ಬದುವಿನ ಮೇಲೆ ಕೂತು ಬೆರಳು ಎಣಿಸುತ್ತಿದ್ದಳು. ಒಂದು ಎಲೆಗೆ ಐದು, ಇನ್ನೊಂದಕ್ಕೆ ಏಳು. ಮತ್ತೆ ಮೊದಲಿನಿಂದ ಎಣಿಸತೊಡಗಿದಳು.